ಬಣ್ಣ ಬಯಲಾಗುವ ಭಯ: ಸಿಎ ಆದರೂ ‘ನಾನು ನಕಲಿ’ ಅನ್ನಿಸಿದರೆ

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಊರು ಗಂಗಾವತಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಅಪ್ಪನದು ಕಿರಾಣಿ ಅಂಗಡಿ. ಈಗ ಬೆಂಗಳೂರಿನ ಒಂದು ಆಡಿಟ್ ಫರ್ಮ್‌ನಲ್ಲಿ ಮ್ಯಾನೇಜರ್ ಆಗಿದ್ದೇನೆ. ಸಿಎ ಫೈನಲ್ ಎರಡನೇ ಸಲಕ್ಕೆ ಪಾಸಾದೆ, ಆ ಸಲ ಪೇಪರ್ ಸುಲಭ ಇತ್ತು. ಪ್ರಮೋಷನ್ ಸಿಕ್ಕಿದ್ದು ಸೀನಿಯರ್‌ಗಳಿಬ್ಬರು ಕೆಲಸ ಬಿಟ್ಟಿದ್ದರಿಂದ. ಒಬ್ಬ ಕ್ಲಯಂಟ್ ಪ್ರತಿ ವರ್ಷ ನನ್ನನ್ನೇ ಕಳಿಸಿ ಅನ್ನುತ್ತಾರೆ, ಅವರು ಎಲ್ಲರ ಜೊತೆಗೂ ಒಳ್ಳೆಯವರೇ. ಕಳೆದ ವರ್ಷ ಡಿಪ್ರಿಸಿಯೇಷನ್, ಅಂದರೆ ಸವಕಳಿಯ ಲೆಕ್ಕದಲ್ಲಿ ತಪ್ಪಾಗಿತ್ತು. ರಿಪೋರ್ಟ್‌ಗೆ ಸಹಿ ಬೀಳುವ ಮೊದಲೇ ಸರಿಹೋಯಿತು, ಆದರೆ ತಪ್ಪು ನನ್ನದೇ. ಮೀಟಿಂಗ್ ಇದ್ದರೆ ಹಿಂದಿನ ರಾತ್ರಿ ಎರಡು ಗಂಟೆವರೆಗೂ ಕೂತು ತಯಾರಾಗುತ್ತೇನೆ. ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ, ಇವಳಿಗೆ ಏನೂ ಬರಲ್ಲ ಅಂತ. ಈಗ ಒಂದು ದೊಡ್ಡ ಕ್ಲಯಂಟ್ ಅನ್ನು ನೀವೇ ನೋಡಿಕೊಳ್ಳಿ ಎಂದು ನಮ್ಮ ಪಾರ್ಟ್ನರ್ ಹೇಳಿದ್ದಾರೆ. ತಿಂಗಳ ಕೊನೆಗೆ ಉತ್ತರ ಹೇಳಬೇಕು. ಬೇಡ ಅನ್ನಲೇ? ಇದು ಇಂಪೋಸ್ಟರ್ ಸಿಂಡ್ರೋಮಾ, ಇಲ್ಲಾ ನನಗೆ ನಿಜಕ್ಕೂ ಬರುವುದಿಲ್ಲವಾ?

ಉತ್ತರ: ನಿಮ್ಮ ಪತ್ರವನ್ನು ಪೆನ್ಸಿಲ್ ಹಿಡಿದು ಓದಿದೆ. ಆಗಿದ್ದೆಲ್ಲ ಯಾರ ಹೆಸರಿಗೆ ಬಿದ್ದಿದೆ ಅಂತ ಗುರುತು ಹಾಕುತ್ತಾ ಹೋದೆ. ಪಾಸಾಗಿದ್ದು ಪೇಪರ್‌ನ ಹೆಸರಿಗೆ. ಪ್ರಮೋಷನ್ ಕೆಲಸ ಬಿಟ್ಟವರ ಹೆಸರಿಗೆ. ಕ್ಲಯಂಟ್‌ನ ನಂಬಿಕೆ ಅವರ ಒಳ್ಳೆಯತನದ ಹೆಸರಿಗೆ. ಇಡೀ ಪತ್ರದಲ್ಲಿ ನಿಮ್ಮ ಸ್ವಂತ ಹೆಸರಿಗೆ ಬಿದ್ದಿರುವ ಬಾಬತ್ತು ಒಂದೇ ಒಂದು: ಡಿಪ್ರಿಸಿಯೇಷನ್ ತಪ್ಪು.

ಇಂಥ ಪುಸ್ತಕವನ್ನು ಯಾವುದಾದರೂ ಕ್ಲಯಂಟ್ ನಿಮ್ಮ ಮುಂದೆ ಇಟ್ಟಿದ್ದರೆ ಸುಮ್ಮನೆ ಬಿಡುತ್ತಿದ್ದಿರಾ? ಬಂದ ಜಮಾ ಎಲ್ಲ ಬೇರೆಯವರ ಖಾತೆಗೆ, ಖರ್ಚು ಮಾತ್ರ ಒಬ್ಬರ ಖಾತೆಗೆ. ‘ಇದೇನ್ರೀ ಹೀಗೆ’ ಅಂತ ಮೊದಲ ದಿನವೇ ಕೇಳುತ್ತಿದ್ದಿರಿ.

ನನ್ನ ಯಜಮಾನರು ಸಿಎ. ಮದುವೆಯಾದಾಗಿನಿಂದ ಸೆಪ್ಟೆಂಬರ್ ತಿಂಗಳಲ್ಲಿ ಅವರ ಮುಖ ಸರಿಯಾಗಿ ನೋಡಿದ ನೆನಪಿಲ್ಲ. ಹಾಗಾಗಿ ನಿಮ್ಮ ಕಸುಬಿನ ಒಂದಿಷ್ಟು ಮಾತು ನನ್ನ ಕಿವಿಗೂ ಬಿದ್ದಿದೆ. ಅದನ್ನೇ ಇಟ್ಟುಕೊಂಡು ಉತ್ತರ ಬರೆಯುತ್ತೇನೆ. ನಿಮಗೆ ಯೋಗ್ಯತೆ ಇದೆ ಎಂದು ನಾನು ಸಮಾಧಾನ ಹೇಳಿದರೆ ಏನೂ ಆಗುವುದಿಲ್ಲ. ಆ ಮಾತನ್ನೂ ನೀವು ‘ಪಾಪ, ಮೇಡಂ ಒಳ್ಳೆಯವರು’ ಅಂತ ನನ್ನ ಖಾತೆಗೇ ಬರೆದುಬಿಡುತ್ತೀರಿ. ಬರೆಯುವ ಕ್ರಮವೇ ತಪ್ಪಾಗಿದ್ದಾಗ ಇನ್ನಷ್ಟು ರಸೀದಿ ತಂದು ಸುರಿದರೆ ಪ್ರಯೋಜನವಿಲ್ಲ.

ಮೊದಲು ‘ಇಂಪೋಸ್ಟರ್ ಸಿಂಡ್ರೋಮ್’ ಎನ್ನುವ ಆ ಹೆಸರಿನ ವಿಚಾರ. ಇಂಪೋಸ್ಟರ್ ಅಂದರೆ ಸೋಗು ಹಾಕಿದವರು, ನಕಲಿ. 1978ರಲ್ಲಿ ಅಮೆರಿಕದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಯ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇದರ ಬಗ್ಗೆ ಮೊದಲ ಲೇಖನ ಬರೆದರು. ಅವರು 150ಕ್ಕೂ ಹೆಚ್ಚು ಹೆಂಗಸರ ಜೊತೆ ಕೆಲಸ ಮಾಡಿದ್ದರು. ಪಿಎಚ್‌.ಡಿ. ಮಾಡಿದವರು, ತಮ್ಮ ಕ್ಷೇತ್ರದಲ್ಲಿ ಹೆಸರು ಮಾಡಿದವರು, ಚೆನ್ನಾಗಿ ಓದುವ ವಿದ್ಯಾರ್ಥಿನಿಯರು. ಇಷ್ಟೆಲ್ಲ ಇದ್ದೂ ಅವರೊಳಗೆ ಒಂದೇ ಗುಟ್ಟು: ನಾನು ಇವರನ್ನೆಲ್ಲ ಏಮಾರಿಸಿದ್ದೇನೆ. ಕ್ಲಾನ್ಸ್ ಮತ್ತು ಐಮ್ಸ್ ಇದನ್ನು ‘ಸಿಂಡ್ರೋಮ್’ ಅನ್ನಲಿಲ್ಲ, ‘ಫಿನಾಮಿನನ್’ ಅಂದರು. ಅಂದರೆ ಕಂಡುಬರುವ ಒಂದು ಸಂಗತಿ, ಅಷ್ಟೇ. ಸಿಂಡ್ರೋಮ್ ಅನ್ನುವ ಬಾಲ ಅಂಟಿಕೊಂಡಿದ್ದು ಜನರ ಬಾಯಲ್ಲಿ. ಮಾನಸಿಕ ಕಾಯಿಲೆಗಳನ್ನು ಪಟ್ಟಿ ಮಾಡುವ ಡಿಎಸ್‌ಎಂನಲ್ಲೂ ಇದು ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿಯಲ್ಲೂ ಇಲ್ಲ. ಹಾಗಾಗಿ ನಿಮಗೆ ‘ಸಿಂಡ್ರೋಮ್ ಇದೆ’ ಎಂದು ನಾನು ಬರೆದುಕೊಡುವುದಿಲ್ಲ. ಈಗಾಗಲೇ ಹೊತ್ತಿರುವ ಭಾರದ ಮೇಲೆ ಒಂದು ಕಾಯಿಲೆಯ ಹೆಸರನ್ನೂ ಯಾಕೆ ಹೊರುತ್ತೀರಿ?

ಇದು ಹೆಂಗಸರಿಗೆ ಮಾತ್ರ ಬರುವಂಥದ್ದೂ ಅಲ್ಲ. 2020ರಲ್ಲಿ ಪ್ರಕಟವಾದ ಒಂದು ವಿಮರ್ಶೆ 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಎಲ್ಲ ಸೇರಿ 14 ಸಾವಿರಕ್ಕೂ ಹೆಚ್ಚು ಜನ. ಗಂಡು ಹೆಣ್ಣು ಇಬ್ಬರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಹೆಂಗಸರಿಗೆ ಜಾಸ್ತಿ ಎಂದು ಬಂದರೆ, ಉಳಿದ ಅರ್ಧದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎಷ್ಟು ಜನರಿಗೆ ಈ ಭಾವನೆ ಇದೆ ಎನ್ನುವುದಕ್ಕೆ ಸಿಕ್ಕ ಉತ್ತರ ಮಾತ್ರ ತಮಾಷೆಯಾಗಿದೆ: ಶೇ. 9ರಿಂದ ಶೇ. 82. ಯಾವ ಅಳತೆಗೋಲು, ಎಲ್ಲಿ ಗೆರೆ ಎಳೆದರು ಎನ್ನುವುದರ ಮೇಲೆ ಲೆಕ್ಕ ಅಷ್ಟು ಏರುಪೇರಾಗುತ್ತದೆ. ಜಮಾ ಖರ್ಚು ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸ್ ಇಷ್ಟು ಅಲ್ಲಾಡಿದರೆ ನೀವು ಸಹಿ ಹಾಕುತ್ತಿರಲಿಲ್ಲ. ಅದಕ್ಕೇ ‘ನೂರರಲ್ಲಿ ಇಷ್ಟು ಜನಕ್ಕೆ ಇದೆಯಂತೆ’ ಎಂದು ಮೊಬೈಲ್‌ನಲ್ಲಿ ಓಡಾಡುವ ಅಂಕಿಯನ್ನು ನಾನು ಜಾಸ್ತಿ ತಲೆಗೆ ಹಾಕಿಕೊಳ್ಳುವುದಿಲ್ಲ.

ಕನ್ನಡದಲ್ಲಿ ಇದನ್ನು ಕೀಳರಿಮೆ ಅಂತ ಕರೆಯುವವರಿದ್ದಾರೆ. ಪೂರ್ತಿ ಸರಿಯಲ್ಲ. ಕೀಳರಿಮೆ ಇರುವವರು ‘ನಾನು ಕಡಿಮೆ’ ಅಂದುಕೊಳ್ಳುತ್ತಾರೆ. ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೀರಿ. ‘ನಾನು ಕಡಿಮೆ, ಆದರೆ ಇವರೆಲ್ಲ ಹೆಚ್ಚು ಅಂದುಕೊಂಡುಬಿಟ್ಟಿದ್ದಾರೆ, ಇನ್ನೇನು ಬಣ್ಣ ಬಯಲಾಗುತ್ತದೆ.’ ಚಿಕ್ಕಂದಿನಲ್ಲಿ ನೀಲಿ ನರಿಯ ಕಥೆ ಕೇಳಿರುತ್ತೀರಿ. ಬಣ್ಣದ ಹಂಡೆಗೆ ಬಿದ್ದು ನೀಲಿಯಾದ ನರಿ ಕಾಡಿಗೆ ರಾಜನಾಯಿತು. ಒಂದು ರಾತ್ರಿ ಬೇರೆ ನರಿಗಳು ಊಳಿಟ್ಟಾಗ ತಡೆಯಲಾರದೆ ತಾನೂ ಊಳಿಟ್ಟು ಸಿಕ್ಕಿಬಿತ್ತು. ಮೀಟಿಂಗ್‌ನಲ್ಲಿ ಬಾಯಿ ತೆರೆಯುವ ಮೊದಲು ನಿಮ್ಮ ಹೊಟ್ಟೆಯಲ್ಲಿ ಆಗುವುದು ಆ ನರಿಯ ಸಂಕಟವೇ. ಒಂದು ವ್ಯತ್ಯಾಸ ಮಾತ್ರ ಮರೆತಿದ್ದೀರಿ. ನರಿ ಸುಳ್ಳು ಹೇಳಿತ್ತು, ದೇವರೇ ನನ್ನನ್ನು ಕಳಿಸಿದ ಅಂತ. ನೀವು ಯಾರಿಗೆ ಏನು ಸುಳ್ಳು ಹೇಳಿದ್ದೀರಿ?

ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ನಿಮ್ಮ ರಾತ್ರಿ ಎರಡು ಗಂಟೆಯ ವಿಚಾರ ಹೇಳಬೇಕು. ಗಂಟು ಇರುವುದು ಅಲ್ಲೇ.

ಕ್ಲಾನ್ಸ್ ಮುಂದೆ 1985ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅದರಲ್ಲಿ ಒಂದು ಚಕ್ರದ ವಿವರಣೆ ಇದೆ. ನಾನು ನನ್ನ ಕೌನ್ಸೆಲಿಂಗ್ ಕೋಣೆಗೆ ಬರುವವರಿಗೆ ಅದನ್ನು ಗಾಣದ ಎತ್ತು ಎಂದು ಹೇಳುತ್ತೇನೆ. ಒಂದು ಕೆಲಸ ಬರುತ್ತದೆ. ತಕ್ಷಣ ಹೆದರಿಕೆ. ಆಮೇಲೆ ಎರಡು ದಾರಿ. ಒಂದು, ಅಗತ್ಯಕ್ಕಿಂತ ಮೂರು ಪಟ್ಟು ತಯಾರಿ. ಇನ್ನೊಂದು, ಮುಟ್ಟದೇ ಮುಂದೂಡಿ ಕೊನೆಯ ರಾತ್ರಿ ಬಡಿದಾಡುವುದು. ಯಾವ ದಾರಿ ಹಿಡಿದರೂ ಕೆಲಸ ಸಾಮಾನ್ಯವಾಗಿ ಚೆನ್ನಾಗಿಯೇ ಆಗುತ್ತದೆ, ಯಾಕೆಂದರೆ ಕೆಲಸ ನಿಮಗೆ ಬರುತ್ತದೆ. ಒಂದು ದಿನ ಹಗುರ. ಆಮೇಲೆ ಲೆಕ್ಕ ಬರೆಯುವ ಹೊತ್ತು. ತಯಾರಿ ಮಾಡಿದವರು ಬರೆಯುತ್ತಾರೆ: ‘ಅಷ್ಟು ಕಷ್ಟಪಟ್ಟಿದ್ದಕ್ಕೆ ಬಚಾವಾದೆ, ತಲೆ ಇದ್ದವರಿಗೆ ಇಷ್ಟು ಬೇಕಾಗುತ್ತಿತ್ತಾ?’ ಮುಂದೂಡಿದವರು ಬರೆಯುತ್ತಾರೆ: ‘ಈ ಸಲ ಅದೃಷ್ಟ.’ ಎರಡೂ ಕಡೆ ಜಮಾ ನಿಮ್ಮ ಖಾತೆಗೆ ಬೀಳುವುದೇ ಇಲ್ಲ. ಮುಂದಿನ ಕೆಲಸ ಬಂದಾಗ ಖಾತೆ ಖಾಲಿ. ಮತ್ತೆ ಅದೇ ಹೆದರಿಕೆ. ಎತ್ತು ಎಷ್ಟು ಮೈಲಿ ನಡೆದರೂ ಗಾಣದ ಹತ್ತಿರವೇ ಇರುತ್ತದೆ.

ಗೆಲುವು ಯಾಕೆ ಈ ಭಯವನ್ನು ಗುಣ ಮಾಡುವುದಿಲ್ಲ ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ‘ಸಿಎ ಆದರೆ ಸರಿಹೋಗುತ್ತೆ’ ಅಂದುಕೊಂಡಿದ್ದಿರಿ, ಅಲ್ವಾ? ಆಮೇಲೆ ‘ಮ್ಯಾನೇಜರ್ ಆದರೆ’. ಇನ್ನೈದು ವರ್ಷಕ್ಕೆ ನೀವೇ ಪಾರ್ಟ್ನರ್ ಆದರೂ ಇದೇ ಪತ್ರ ಬರೆಯುತ್ತೀರಿ, ಅಂಕಿಗಳು ಮಾತ್ರ ದೊಡ್ಡವಾಗಿರುತ್ತವೆ.

ಇನ್ನೊಂದು ಅಪಾಯ ಇದೆ. ಹೆದರಿಕೆಗೇ ನಾವು ಬಹುಮಾನ ಕೊಡಲು ಶುರು ಮಾಡುತ್ತೇವೆ. ಹೆದರಿದ್ದಕ್ಕೇ ಚೆನ್ನಾಗಿ ಆಯಿತು, ಹೆದರದೇ ಇದ್ದಿದ್ದರೆ ಕೆಡುತ್ತಿತ್ತು ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಒಳ್ಳೆಯ ಗೊಬ್ಬರ ಬೇರೆ. ಪರೀಕ್ಷೆ ಹೇಗಾಯಿತು ಅಂದರೆ ‘ಚೆನ್ನಾಗಿ ಬರೆದೆ’ ಅನ್ನಬಾರದು, ದೃಷ್ಟಿ ತಾಗುತ್ತದೆ. ‘ಏನೋ ಬರೆದಿದೀನಿ’ ಅನ್ನಬೇಕು. ಹಾಗೆ ಅಂದೂ ಅಂದೂ ಕೊನೆಗೆ ನಮಗೇ ನಂಬಿಕೆ ಬಂದುಬಿಡುತ್ತದೆ, ಏನೋ ಬರೆದೆವು ಅಷ್ಟೇ ಅಂತ.

ಹೊಗಳಿಕೆಗೂ ಇದೇ ಕಥೆ. ‘ಅಯ್ಯೋ, ನಂದೇನಿಲ್ಲ ಸರ್’ ಎನ್ನುವುದು ನಮ್ಮಲ್ಲಿ ಮರ್ಯಾದೆಯ ಮಾತು. ನಾನು ಅದನ್ನು ಬಿಡಿ ಅನ್ನುವುದಿಲ್ಲ. ಮನೆಗೆ ಬಂದವರಿಗೆ ‘ಬಡವರ ಮನೆ, ಏನೂ ಮಾಡಿಲ್ಲ’ ಎನ್ನುತ್ತಾ ಹೋಳಿಗೆ ಬಡಿಸುವವರು ನಾವು. ಆದರೆ ಹಾಗೆ ಹೇಳುವ ಅಜ್ಜಿಗೆ ತಾನು ಹೋಳಿಗೆ ಮಾಡಿರುವುದು ಚೆನ್ನಾಗಿಯೇ ಗೊತ್ತಿರುತ್ತದೆ. ಬಾಯಲ್ಲಿ ಹೇಳಿದ್ದು ಪುಸ್ತಕಕ್ಕೆ ಇಳಿಯುವುದಿಲ್ಲ. ನಿಮ್ಮಲ್ಲಿ ಇಳಿದಿದೆ.

ಎಲ್ಲಿಂದ ಬಂತು ಇದು? ಆ 1978ರ ಲೇಖನದಲ್ಲಿ ಎರಡು ಬಗೆಯ ಮನೆಗಳ ಮಾತಿದೆ. ಒಂದು ಮನೆಯಲ್ಲಿ ‘ಬುದ್ಧಿವಂತ’ ಅನ್ನುವ ಪಟ್ಟ ಇನ್ನೊಂದು ಮಗುವಿಗೆ ಹೋಗಿರುತ್ತದೆ. ‘ಅಣ್ಣನಿಗೆ ತಲೆ ಇದೆ, ಇವಳು ಪಾಪ ಕಷ್ಟಜೀವಿ.’ ಇವಳು ಎಷ್ಟು ಅಂಕ ತಂದರೂ ಪಟ್ಟ ಬದಲಾಗುವುದಿಲ್ಲ. ಇನ್ನೊಂದು ಮನೆಯಲ್ಲಿ ತದ್ವಿರುದ್ಧ. ‘ನಮ್ಮ ಹುಡುಗಿ ಪುಸ್ತಕ ಮುಟ್ಟದೇ ಫಸ್ಟ್ ಬರ್ತಾಳೆ’ ಎಂದು ಊರಿಗೆಲ್ಲ ಸಾರುತ್ತಾರೆ. ಮುಂದೆ ಒಂದು ದಿನ ಅವಳು ಕೂತು ಬೆವರು ಸುರಿಸಿ ಓದಬೇಕಾಗುತ್ತದೆ. ಆಗ ಅವಳಿಗೆ ಅನ್ನಿಸುವುದು, ನಾನು ಅವರಂದಂತೆ ಇಲ್ಲ, ನಾನು ನಕಲಿ. ನಿಮ್ಮ ಮನೆ ಯಾವುದು ಅಂತ ನೀವು ಬರೆದಿಲ್ಲ. ಎರಡರಲ್ಲೂ ಕಷ್ಟಪಡುವುದೇ ದಡ್ಡತನಕ್ಕೆ ಸಾಕ್ಷಿಯಾಗಿಬಿಡುತ್ತದೆ ಎನ್ನುವುದನ್ನು ಗಮನಿಸಿ. ಅಪ್ಪ ಅಂಗಡಿಯಲ್ಲಿ ಹೊತ್ತು ಮುಳುಗಿದ ಮೇಲೂ ಉದ್ರಿ ಪುಸ್ತಕ ಕೂಡಿ ಕಳೆದು ಕೂತಿದ್ದರೆ ಯಾರಾದರೂ ‘ನಿಮಗೆ ವ್ಯಾಪಾರ ಬರಲ್ಲ’ ಅಂದರಾ?

ಮನೆಯ ಮಾತು ಇಷ್ಟು ಸಾಕು. ಭಾಷೆಯ ಮಾತು ದೊಡ್ಡದು.

ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು. ಕನ್ನಡದಲ್ಲಿ ಇಲ್ಲ. ಅಂದರೆ ಹತ್ತನೇ ತರಗತಿವರೆಗೆ ಎಲ್ಲವನ್ನೂ ಕನ್ನಡದಲ್ಲಿ ಕಲಿತ ಹುಡುಗಿ ಒಂದೇ ಪರೀಕ್ಷೆಯಲ್ಲಿ ಎರಡು ಪರೀಕ್ಷೆ ಬರೆದಳು. ಒಂದು ಅಕೌಂಟ್ಸ್‌ದು, ಇನ್ನೊಂದು ಭಾಷೆಯದು. ಎರಡನೆಯದಕ್ಕೆ ಅಂಕಪಟ್ಟಿಯಲ್ಲಿ ಸಾಲು ಇಲ್ಲ, ಅದಕ್ಕೇ ನಿಮ್ಮ ಲೆಕ್ಕದಲ್ಲೂ ಇಲ್ಲ. ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿ ಬಂದ ಸಹೋದ್ಯೋಗಿ ಮೀಟಿಂಗ್‌ನಲ್ಲಿ ಪಟಪಟ ಮಾತಾಡಿದಾಗ ನಿಮಗೆ ಕಾಣುವುದು ಅವರ ವಿಷಯಜ್ಞಾನವೋ, ನಾಲಿಗೆಯ ಅಭ್ಯಾಸವೋ? ಕೇಳಿಸಿಕೊಳ್ಳುವಾಗ ಬೇರೆ ಮಾಡಿ ನೋಡಿ. ನಾನು ಕಂಡಿರುವ ಹಾಗೆ ಕನ್ನಡ ಮಾಧ್ಯಮದಿಂದ ಬಂದವರು ಹತ್ತರಲ್ಲಿ ಎಂಟು ಸಲ ಇವೆರಡನ್ನೂ ಕಲಸಿಬಿಡುತ್ತಾರೆ. ವ್ಯಾಕರಣ ತಪ್ಪಿದರೆ ಲೆಕ್ಕವೇ ತಪ್ಪಿದಷ್ಟು ನಾಚಿಕೊಳ್ಳುತ್ತಾರೆ.

ಇಲ್ಲಿ ನಾನು ಎಲ್ಲವನ್ನೂ ನಿಮ್ಮ ತಲೆಯ ಮೇಲೇ ಹಾಕುವುದಿಲ್ಲ. 2021ರಲ್ಲಿ ರುಚಿಕಾ ತುಲ್ಶ್ಯಾನ್ ಮತ್ತು ಜೋಡಿ-ಆನ್ ಬ್ಯೂರಿ ಎಂಬ ಇಬ್ಬರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನ ಬಹಳ ಚರ್ಚೆಯಾಯಿತು. ಹೆಂಗಸರಿಗೆ ಇಂಪೋಸ್ಟರ್ ಸಿಂಡ್ರೋಮ್ ಇದೆ ಎಂದು ಹೇಳುವುದನ್ನು ಮೊದಲು ನಿಲ್ಲಿಸಿ, ಅವರಿಗೆ ಹಾಗೆ ಅನ್ನಿಸುವಂತೆ ಮಾಡುವ ಆಫೀಸನ್ನು ಸರಿಮಾಡಿ ಎನ್ನುವುದು ಅವರ ವಾದ. ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ನೀವು ಮಾತಾಡುವಾಗ ಮಧ್ಯೆ ಬಾಯಿ ಹಾಕುವವರಿದ್ದರೆ, ನಿಮ್ಮ ಉಚ್ಚಾರಣೆ ಊಟದ ಹೊತ್ತಿನ ನಗೆಯ ವಸ್ತುವಾಗಿದ್ದರೆ, ‘ನಾನು ಇಲ್ಲಿಯವಳಲ್ಲ’ ಅನ್ನಿಸುವುದು ಭ್ರಮೆಯಲ್ಲ. ಆ ಕೋಣೆ ನಿಮಗೆ ಅದನ್ನೇ ಹೇಳುತ್ತಿದೆ. ಉಳಿದ ಕಾಲು ಪಾಲು ಯಾಕೆ ಒಪ್ಪುವುದಿಲ್ಲ ಅಂದರೆ, ಆಫೀಸು ಸರಿಹೋಗುವವರೆಗೆ ನೀವು ರಾತ್ರಿ ಎರಡು ಗಂಟೆವರೆಗೆ ಕೂತಿರುವುದು ನನಗೆ ಇಷ್ಟವಿಲ್ಲ.

ಹೊಸ ಜಾಗದಲ್ಲಿ ಈ ‘ನಾನು ಇಲ್ಲಿಯವಳಲ್ಲ’ ಎನ್ನುವ ಭಾವನೆಯ ಬಗ್ಗೆ 2011ರಲ್ಲಿ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಒಂದು ಕಾಲೇಜಿನ ಮೊದಲ ವರ್ಷದವರಿಗೆ ಸುಮಾರು ಒಂದು ಗಂಟೆಯ ಚಟುವಟಿಕೆ ಕೊಟ್ಟರು. ವಿಷಯ ಇಷ್ಟೇ: ಶುರುವಿನಲ್ಲಿ ಹೊರಗಿನವರು ಅನ್ನಿಸುವುದು ಎಲ್ಲರಿಗೂ ಆಗುತ್ತದೆ, ಕ್ರಮೇಣ ಕಡಿಮೆಯಾಗುತ್ತದೆ ಎಂದು ಸೀನಿಯರ್‌ಗಳ ಅನುಭವದಿಂದ ತಿಳಿಸುವುದು. ಮುಂದಿನ ಮೂರು ವರ್ಷದಲ್ಲಿ ಅದರಲ್ಲಿದ್ದ ಕಪ್ಪು ವಿದ್ಯಾರ್ಥಿಗಳ ಅಂಕ ಏರಿತು, ಬಿಳಿಯರ ಜೊತೆಗಿದ್ದ ಅಂತರ ಅರ್ಧಕ್ಕೆ ಇಳಿಯಿತು. ಅವರಿಗೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ. ಕಷ್ಟಕ್ಕೆ ಕೊಡುವ ಅರ್ಥ ಬದಲಾಯಿತು, ಅಷ್ಟೇ.

ಈಗ ನಿಮ್ಮ ಎರಡನೇ ಪ್ರಶ್ನೆ. ನಿಜಕ್ಕೂ ಬರದೇ ಇದ್ದರೆ? ಇದನ್ನು ಕೇಳಿದ್ದಕ್ಕೆ ಖುಷಿಯಾಯಿತು, ಏಕೆಂದರೆ ಬಹಳ ಸಲಹೆಗಾರರು ಇದನ್ನು ಹಾರಿಸಿಬಿಡುತ್ತಾರೆ. ಬರದೇ ಇರುವ ವಿಷಯಗಳು ಖಂಡಿತ ಇರುತ್ತವೆ. ಪತ್ತೆಹಚ್ಚುವುದು ಸುಲಭ. ಕೊರತೆ ನಿಜವಾಗಿದ್ದರೆ ಅದಕ್ಕೊಂದು ಹೆಸರಿರುತ್ತದೆ. ‘ಕನ್ಸಾಲಿಡೇಶನ್, ಅಂದರೆ ಒಂದೇ ಗುಂಪಿನ ಕಂಪನಿಗಳ ಲೆಕ್ಕ ಒಟ್ಟು ಮಾಡುವುದನ್ನು, ನಾನು ಒಬ್ಬಳೇ ಯಾವತ್ತೂ ಮಾಡಿಲ್ಲ’ ಅಂದರೆ ಅದು ನಿಜವಾದ ಕೊರತೆ. ಅದಕ್ಕೆ ಮದ್ದು ಇದೆ, ಕಲಿಯುವುದು. ‘ನನಗೆ ಏನೂ ಬರಲ್ಲ’ ಎನ್ನುವುದಕ್ಕೆ ಹೆಸರಿಲ್ಲ, ಗಡಿಯಿಲ್ಲ, ಕಲಿತು ಮುಗಿಸುವ ದಾರಿಯೂ ಇಲ್ಲ. ಮೊದಲನೆಯದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹೆಚ್ಚೆಂದರೆ ನಾಲ್ಕು ಸಾಲು ಬರಬಹುದು. ಆ ನಾಲ್ಕನ್ನು ಪಾರ್ಟ್ನರ್ ಮುಂದೆ ಹೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಇನ್ನು ನಿಮ್ಮ ಮೇಲಿನ ಆರೋಪಕ್ಕೆ ಬರೋಣ. ನೀವೇ ನಿಮ್ಮ ಮೇಲೆ ಹೊರಿಸಿಕೊಂಡಿರುವ ಆರೋಪ ವಂಚನೆಯದು. ನಿಮ್ಮ ಆಡಿಟಿಂಗ್ ಮಾನದಂಡಗಳಲ್ಲಿ ಎಸ್‌ಎ 240 ಅಂತ ಒಂದಿದೆ, ವಂಚನೆಯ ಬಗ್ಗೆಯೇ. ತಪ್ಪಿಗೂ ವಂಚನೆಗೂ ವ್ಯತ್ಯಾಸ ಏನು ಎಂದು ಅದು ಹೇಳುತ್ತದೆ: ಉದ್ದೇಶ. ಬೇಕೆಂದೇ ಮಾಡಿದ್ದು ವಂಚನೆ, ಗೊತ್ತಿಲ್ಲದೆ ಆಗಿದ್ದು ತಪ್ಪು. ನಿಮ್ಮ ಡಿಪ್ರಿಸಿಯೇಷನ್‌ನಲ್ಲಿ ಉದ್ದೇಶ ಇತ್ತಾ? ಪಾರ್ಟ್ನರ್‌ಗೆ ನಿಮ್ಮ ಬಗ್ಗೆ ಸುಳ್ಳು ದಾಖಲೆ ಕೊಟ್ಟಿದ್ದೀರಾ? ಇಲ್ಲ ಅಂದರೆ ಆರೋಪ ಬಿದ್ದುಹೋಯಿತು. ನರಿಯ ಕಥೆ ನಿಮಗೆ ಹೊಂದುವುದಿಲ್ಲ.

ಸಾಕ್ಷಿಯ ವಿಚಾರಕ್ಕೆ ಎಸ್‌ಎ 500. ಸಾಮಾನ್ಯವಾಗಿ ಹೊರಗಿನ, ಸ್ವತಂತ್ರ ಮೂಲದಿಂದ ಬಂದ ಸಾಕ್ಷಿ ಹೆಚ್ಚು ನಂಬಿಕೆಗೆ ಯೋಗ್ಯ ಎನ್ನುವುದು ಅದರ ಸಾರ. ಸಿಎ ಫೈನಲ್‌ನಲ್ಲಿ ಒಂದೊಂದು ಪೇಪರ್‌ನಲ್ಲೂ ಶೇ. 40, ಗ್ರೂಪ್‌ನಲ್ಲಿ ಒಟ್ಟು ಶೇ. 50 ಬರಬೇಕು. ಉತ್ತರ ಪತ್ರಿಕೆ ತಿದ್ದುವವರಿಗೆ ನೀವು ಯಾರು, ಯಾವ ಊರು ಅಂತ ಗೊತ್ತಿರುವುದಿಲ್ಲ. ಗುರುತೇ ಇಲ್ಲದವರನ್ನು ಏಮಾರಿಸುವುದು ಹೇಗೆ? ಪೇಪರ್ ಸುಲಭ ಇತ್ತು ಅಂದಿರಿ. ಅದೇ ಸುಲಭ ಪೇಪರ್ ಬರೆದು ಫೇಲಾದವರು ನಿಮ್ಮ ಬ್ಯಾಚ್‌ನಲ್ಲಿ ಯಾರೂ ಇರಲಿಲ್ಲವಾ? ಎಷ್ಟು ಜನ ಬರೆದು ಎಷ್ಟು ಜನ ಪಾಸಾಗುತ್ತಾರೆ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇದಕ್ಕೆ ಎದುರಾಗಿ ನಿಮ್ಮ ಹತ್ತಿರ ಇರುವ ಸಾಕ್ಷಿ ಏನು? ರಾತ್ರಿ ಹೊಟ್ಟೆಯಲ್ಲಿ ಆಗುವ ತಳಮಳ. ಅದಕ್ಕೆ ವೋಚರ್ ಇದೆಯಾ?

ಇವತ್ತಿನಿಂದ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ಇಡಿ. ಯಾರಾದರೂ ನಿಮ್ಮ ಕೆಲಸ ಮೆಚ್ಚಿದರೆ, ಏನು ಮೆಚ್ಚಿದರು ಅಂತ ಅವರ ಮಾತಲ್ಲೇ ಬರೆಯಿರಿ. ಪಕ್ಕದಲ್ಲಿ ನೀವು ಅದನ್ನು ಹೇಗೆ ತಳ್ಳಿಹಾಕಿದಿರಿ ಅಂತಲೂ ಬರೆಯಿರಿ. ಕ್ಲಾನ್ಸ್ ಮತ್ತು ಐಮ್ಸ್ ತಮ್ಮಲ್ಲಿ ಬಂದವರಿಗೆ ಕೊಡುತ್ತಿದ್ದ ಹೋಮ್‌ವರ್ಕ್ ಹೆಚ್ಚುಕಮ್ಮಿ ಇದೇ. ಮೊದಲ ಕಾಲಂ ಓದಿದರೆ ನಿಮಗೆ ಏನೂ ಅನ್ನಿಸುವುದಿಲ್ಲ. ಎರಡನೆಯದನ್ನು ಹದಿನೈದು ದಿನ ಬಿಟ್ಟು ಓದಿದರೆ ನಗು ಬರುತ್ತದೆ. ಅವವೇ ಮೂರು ನೆಪಗಳನ್ನು ತಿರುಗಿಸಿ ಮುರುಗಿಸಿ ಬಳಸಿರುತ್ತೀರಿ. ಬಾಯಲ್ಲಿ ‘ನಂದೇನಿಲ್ಲ ಸರ್’ ಅಂದೇ ತೀರಬೇಕು ಅನ್ನಿಸಿದರೆ ಅನ್ನಿ, ಆದರೆ ಅದರ ಹಿಂದೆಯೇ ಒಂದು ನಿಜ ಸೇರಿಸಿ: ‘ಆ ಸ್ಟಾಕ್ ವ್ಯತ್ಯಾಸ ಹುಡುಕೋಕೆ ಮೂರು ದಿನ ಹಿಡೀತು ಸರ್.’ ಅದು ಜಂಬ ಆಗುವುದಿಲ್ಲ, ಬರೀ ವರದಿ.

ಕ್ಲಾನ್ಸ್ ಮತ್ತು ಐಮ್ಸ್ ಅವರ ಆ ಲೇಖನದಲ್ಲಿ ನನಗೆ ತುಂಬಾ ಇಷ್ಟವಾದ ಅಭ್ಯಾಸ ಇನ್ನೊಂದು. ನೀವು ಏಮಾರಿಸಿದ್ದೀರಿ ಅಂದುಕೊಂಡಿರುವ ಒಬ್ಬೊಬ್ಬರನ್ನೂ ಮನಸ್ಸಿನಲ್ಲಿ ಎದುರಿಗೆ ಕೂರಿಸಿಕೊಳ್ಳಿ. ಹೇಗೆ ಏಮಾರಿಸಿದಿರಿ ಅಂತ ಅವರಿಗೆ ಹೇಳಿ. ಪಾರ್ಟ್ನರ್‌ನಿಂದಲೇ ಶುರು ಮಾಡಿ. ‘ಸರ್, ಇಷ್ಟು ವರ್ಷ ನಾನು ಕೆಲಸ ಬರುವವಳ ಹಾಗೆ ನಟಿಸಿದೆ. ನೀವು ನನ್ನ ವರ್ಕಿಂಗ್ ಪೇಪರ್ ಎಲ್ಲ ಓದಿದಿರಿ, ಆದರೂ ನಿಮಗೆ ಗೊತ್ತಾಗಲಿಲ್ಲ.’ ಈಗ ಅವರು ಏನು ಹೇಳುತ್ತಾರೆ ಊಹಿಸಿ. ನನ್ನ ಊಹೆಯಲ್ಲಿ ಅವರು ಕನ್ನಡಕ ತೆಗೆದು ಕೇಳುತ್ತಾರೆ: ‘ಅಂದ್ರೆ ನಂಗೆ ಕೆಲಸ ನೋಡಿ ಅಳೆಯೋಕೆ ಬರಲ್ಲ ಅಂತೀಯೇನಮ್ಮಾ?’ ನಿಮ್ಮ ವಿನಯದ ಒಳಗೆ ಬೇರೆಯವರ ತೀರ್ಮಾನದ ಬಗ್ಗೆ ಎಷ್ಟು ಅಗೌರವ ಅಡಗಿದೆ ಅಂತ ಆಗ ಕಾಣಿಸುತ್ತದೆ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಇದು ಗೊತ್ತಾದಾಗ ನನಗೂ ನಾಚಿಕೆಯಾಗಿತ್ತು.

ಹೌದು, ನನಗೂ. ಕೌನ್ಸೆಲಿಂಗ್ ಶುರು ಮಾಡಿದ ಹೊಸದರಲ್ಲಿ ಮೇಜಿನ ಡ್ರಾಯರ್‌ನಲ್ಲಿ ಪಠ್ಯಪುಸ್ತಕ ಇಟ್ಟುಕೊಂಡಿರುತ್ತಿದ್ದೆ. ಎದುರಿಗೆ ಕೂತವರು ನೀರು ಕುಡಿಯಲು ಎದ್ದುಹೋದರೆ ಸಾಕು, ಡ್ರಾಯರ್ ಎಳೆದು ಒಂದು ಪುಟ ಓದಿಬಿಡುತ್ತಿದ್ದೆ. ವರ್ಷವಾದ ಮೇಲೆ ಕ್ಯಾಂಟೀನಿನಲ್ಲಿ ನಮ್ಮ ಸೀನಿಯರ್ ಒಬ್ಬರ ಹತ್ತಿರ ತಡೆಯಲಾರದೆ ಹೇಳಿಕೊಂಡೆ. ಅವರು ಕಾಫಿ ಲೋಟ ಕೆಳಗಿಟ್ಟು, ‘ಡ್ರಾಯರಾ? ನಾನು ಬಾತ್‌ರೂಮಲ್ಲಿ ಇಟ್ಟಿದೀನಿ’ ಅಂದರು. ಎಲ್ಲರೂ ಒಳಗೆ ಹೆದರಿ ಹೊರಗೆ ಗಂಭೀರವಾಗಿ ಕೂತಿರುವಾಗ, ನಾನೊಬ್ಬಳೇ ಹೆದರಿದವಳು ಅಂತ ಪ್ರತಿಯೊಬ್ಬರಿಗೂ ಅನ್ನಿಸುತ್ತದೆ. ಕ್ಲಾನ್ಸ್ ಮತ್ತು ಐಮ್ಸ್ ಗುಂಪಿನಲ್ಲಿ ಕೂತು ಮಾತಾಡುವುದಕ್ಕೆ ಒತ್ತು ಕೊಟ್ಟಿದ್ದು ಇದಕ್ಕೇ. ನಮ್ಮ ನೆಪ ನಮಗೆ ಕಾಣುವುದಿಲ್ಲ, ಅದೇ ನೆಪವನ್ನು ಇನ್ನೊಬ್ಬಳು ಹೇಳಿದಾಗ ‘ಏನ್ ಹುಚ್ಚೇ ಇದು’ ಅನ್ನಿಸುತ್ತದೆ. ನಿಮ್ಮ ಆರ್ಟಿಕಲ್‌ಶಿಪ್, ಅಂದರೆ ಸಿಎ ತರಬೇತಿ ಕಾಲದ ಗೆಳತಿ ಯಾರಾದರೂ ಇದ್ದರೆ ಫೋನ್ ಮಾಡಿ. ಆಫೀಸಿನಲ್ಲಿ ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳಬೇಡಿ, ಅದು ಬೇರೆ ರಾಜಕೀಯ.

ನಿಮ್ಮ ಕೈಕೆಳಗಿನ ಆರ್ಟಿಕಲ್ ಹುಡುಗರ ವರ್ಕಿಂಗ್ ಪೇಪರ್ ನೋಡುವಾಗಲೂ ಸ್ವಲ್ಪ ನಿಂತು ಯೋಚಿಸಿ. 1999ರಲ್ಲಿ ಕಾರ್ನೆಲ್ ಯೂನಿವರ್ಸಿಟಿಯ ಡನಿಂಗ್ ಮತ್ತು ಕ್ರೂಗರ್ ಮಾಡಿದ ಅಧ್ಯಯನ ಎಲ್ಲರಿಗೂ ಗೊತ್ತಿರುವುದು ‘ಬಾರದವರು ತಮಗೆ ಬಹಳ ಬರುತ್ತದೆ ಅಂದುಕೊಳ್ಳುತ್ತಾರೆ’ ಎನ್ನುವ ಭಾಗಕ್ಕೆ. ಅದರಲ್ಲೇ ಇನ್ನೊಂದು ಭಾಗ ಇದೆ. ಚೆನ್ನಾಗಿ ಮಾಡಿದವರು ಉಳಿದವರ ನಡುವೆ ತಮ್ಮ ಸ್ಥಾನವನ್ನು ಕಡಿಮೆ ಅಂದಾಜು ಮಾಡಿದರು. ತಮಗೆ ಸುಲಭವಾದದ್ದು ಎಲ್ಲರಿಗೂ ಸುಲಭ ಅಂದುಕೊಂಡಿದ್ದರು. ಬೇರೆಯವರ ಉತ್ತರಗಳನ್ನು ಕೈಗೆ ಕೊಟ್ಟು ನೋಡಿ ಅಂದಾಗ ಅವರ ಅಂದಾಜು ಮೇಲೆ ಹೋಯಿತು. ನೀವು ಅರ್ಧ ನಿಮಿಷದಲ್ಲಿ ಗುರುತಿಸುವ ತಪ್ಪು ಆ ಹುಡುಗರಿಗೆ ಯಾಕೆ ಕಾಣುವುದಿಲ್ಲ?

ರಾತ್ರಿಯ ತಯಾರಿಯನ್ನು ಒಂದೇ ಸಲಕ್ಕೆ ಬಿಡಿ ಅನ್ನುವುದಿಲ್ಲ, ಬಿಡಲು ಆಗುವುದೂ ಇಲ್ಲ. ಕಳೆದ ಐದು ಮೀಟಿಂಗ್‌ಗೆ ಮಾಡಿದ ನೋಟ್ಸ್ ತೆಗೆಯಿರಿ. ಅದರಲ್ಲಿ ಮೀಟಿಂಗ್‌ನಲ್ಲಿ ಉಪಯೋಗಕ್ಕೆ ಬಂದದ್ದು ಎಷ್ಟು ಪುಟ ಅಂತ ಗೆರೆ ಹಾಕಿ. ಮುಂದಿನ ಮೀಟಿಂಗ್‌ಗೆ ಮೂರನೇ ಒಂದು ಭಾಗ ಸಮಯ ಕಡಿಮೆ ಮಾಡಿ. ಮಲಗುವ ಮೊದಲು ‘ನಾಳೆ ಏನು ಕೆಡುತ್ತದೆ’ ಅಂತ ಒಂದು ಸಾಲು ಬರೆದಿಡಿ. ಸಂಜೆ ಬಂದು ಪಕ್ಕದಲ್ಲಿ ನಿಜಕ್ಕೂ ಆದದ್ದು ಬರೆಯಿರಿ. ಅಂದಾಜು ಮೊದಲು, ಹೋಲಿಕೆ ಆಮೇಲೆ. ನಿಮಗೆ ಇದು ಹೊಸದಲ್ಲ. ಒಂದೆರಡು ಸಲ ಏನಾದರೂ ಸಣ್ಣದು ಕೆಡಬಹುದು. ಕೆಡಲಿ. ಆಡಿಟ್‌ನಲ್ಲಿ ಮೆಟೀರಿಯಾಲಿಟಿ ಅಂತ ನೋಡುತ್ತೀರಲ್ಲ, ಒಂದು ಮಟ್ಟಕ್ಕಿಂತ ಸಣ್ಣ ತಪ್ಪು ಇಡೀ ಲೆಕ್ಕದ ಚಿತ್ರವನ್ನು ಬದಲಿಸುವುದಿಲ್ಲ ಅಂತ. ಕಂಪನಿಗಳಿಗೆ ಕೊಡುವ ಆ ರಿಯಾಯಿತಿಯನ್ನು ನಿಮಗೂ ಕೊಟ್ಟುಕೊಳ್ಳಿ.

ಒಂದು ವಿಷಯದಲ್ಲಿ ಎಚ್ಚರ. ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಭಾನುವಾರ ಸಂಜೆಯಾದರೆ ಎದೆ ಹೊಡೆದುಕೊಳ್ಳುತ್ತಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ರುಚಿಸದಿದ್ದರೆ, ಅದು ಇಂಪೋಸ್ಟರ್ ಭಾವನೆಯನ್ನು ದಾಟಿದೆ. ಆತಂಕ ಅಥವಾ ಖಿನ್ನತೆ ಇರಬಹುದು, ಅವಕ್ಕೆ ಸರಿಯಾದ ಚಿಕಿತ್ಸೆ ಇದೆ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸರ್ಕಾರಿ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಪತ್ರದಿಂದ ಅಷ್ಟು ಆಗಿದೆ ಅಂತ ನನಗೆ ಅನ್ನಿಸಲಿಲ್ಲ, ಆದರೆ ಪತ್ರದಲ್ಲಿ ಎಲ್ಲವನ್ನೂ ಬರೆಯುವುದಿಲ್ಲವಲ್ಲ.

ಇನ್ನು ಆ ದೊಡ್ಡ ಕ್ಲಯಂಟ್. ಒಪ್ಪಿಕೊಳ್ಳಿ. ಧೈರ್ಯ ಬಂದ ಮೇಲೆ ಒಪ್ಪುತ್ತೇನೆ ಅಂದರೆ ಕಾಯುತ್ತಲೇ ಇರಬೇಕಾಗುತ್ತದೆ, ಆ ಧೈರ್ಯ ಕೆಲಸ ಮಾಡುತ್ತಾ ಬರುವಂಥದ್ದು. ಒಪ್ಪುವಾಗ ನಾಲ್ಕು ಸಾಲಿನ ಆ ಹಾಳೆ ಕೈಯಲ್ಲಿರಲಿ. ‘ಮಾಡುತ್ತೇನೆ ಸರ್. ಇದೊಂದು ಭಾಗ ನಾನು ಮೊದಲ ಸಲ ಮಾಡುತ್ತಿರುವುದು, ಅದನ್ನು ಒಮ್ಮೆ ನಿಮ್ಮ ಜೊತೆ ಕೂತು ನೋಡಬೇಕು’ ಅನ್ನಿ. ಹಾಗೆ ಹೇಳುವವರನ್ನು ಯಾವ ಪಾರ್ಟ್ನರ್ ಕೂಡ ನಕಲಿ ಅನ್ನುವುದಿಲ್ಲ. ನಕಲಿಗಳು ಹಾಗೆ ಹೇಳುವುದೂ ಇಲ್ಲ.

ಅಂದಹಾಗೆ, ಆ ಡಿಪ್ರಿಸಿಯೇಷನ್ ತಪ್ಪು ಸಹಿ ಬೀಳುವ ಮೊದಲೇ ಸರಿಹೋಯಿತು ಅಂದಿರಿ. ಅದನ್ನು ಕಂಡುಹಿಡಿದವರು ಯಾರು ಅಂತ ಬರೆದೇ ಇಲ್ಲ. ನನಗೇಕೋ ಅದು ನೀವೇ ಇರಬೇಕು ಅನ್ನಿಸುತ್ತಿದೆ.